ಭವಾನಿಯ ಪೈಥಾನ್, ಲೋಹಿತನ ಬಿಲ್ಡ್

"ಇದು ನಮ್ಮ ಬಿಲ್ಡ್‌ಗೆ ಸೇರಲ್ಲ ಸರ್" ಎಂದ ಲೋಹಿತ್. ಭವಾನಿಯ ಕಡೆ ತಿರುಗಿಯೂ ನೋಡಲಿಲ್ಲ.

ಶಿವಮೊಗ್ಗದ ಆ ಪುಟ್ಟ ಆಫೀಸಿನಲ್ಲಿ ಶಾಲೆಗಳಿಗೆ ಸಾಫ್ಟ್‌ವೇರ್ ಮಾಡುತ್ತಿದ್ದರು. ಉಳಿದವರೆಲ್ಲ ಜಾವಾ ಭಾಷೆಯಲ್ಲಿ ಕೋಡ್ ಬರೆಯುವವರು, ಭವಾನಿ ಒಬ್ಬಳೇ ಪೈಥಾನ್‌ನಲ್ಲಿ. ಕನ್ನಡ ಪಾಠವನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಂ ಬರೆದಿದ್ದಳು. ಎಲ್ಲರ ಕೋಡನ್ನೂ ಒಟ್ಟುಗೂಡಿಸಿ, ಪರೀಕ್ಷಿಸಿ, ಶಾಲೆಗಳಿಗೆ ಕಳಿಸಲು ಸಿದ್ಧ ಮಾಡುವ ಬಿಲ್ಡ್ ಟೂಲ್ ಲೋಹಿತನ ಕೈಯಲ್ಲಿತ್ತು. ಅದಕ್ಕೆ ಜಾವಾ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ.

"ಸೇರಲ್ಲ ಅಂದ್ರೆ ಕೈಬಿಡೋಣ" ಎಂದರು ಮ್ಯಾನೇಜರ್ ರವಿಶಂಕರ್.

ಭವಾನಿ ಎದ್ದು ವರಾಂಡಕ್ಕೆ ಬಂದಳು. ಈ ಲೋಹಿತನನ್ನೇ ಅಲ್ಲವೇ ತಾನು ಮಾನಿಟರ್ ಪಕ್ಕದಿಂದ ಕದ್ದು ಕದ್ದು ನೋಡುತ್ತಿದ್ದದ್ದು? ತನ್ನ ಮೇಲೇ ಸಿಟ್ಟು ಬಂತು.

ಲೋಹಿತ್ ಹಿಂದೆಯೇ ಓಡಿ ಬಂದ. "ನಾನಿನ್ನೂ ಮಾತು ಮುಗಿಸಿರ್ಲಿಲ್ಲ. ಈಗಿನ ಕಾನ್ಫಿಗರೇಶನ್‌ನಲ್ಲಿ ಸೇರಲ್ಲ, ಬದಲಾಯಿಸಿದ್ರೆ ಸೇರುತ್ತೆ ಅನ್ನೋದಿತ್ತು."

"ನಿಧಾನಕ್ಕೆ ಮುಗಿಸಿ." ಭವಾನಿ ಅವನ ಕಡೆ ತಿರುಗಿದಳು. "ನನ್ನ ತಂಗಿ ಅಕ್ಷರಾಗೆ ಕಣ್ಣು ಕಾಣಲ್ಲ ಕಣ್ರೀ. ಅಮ್ಮ ಒಲೆ ಮುಂದೆ ನಿಂತ್ಕೊಂಡೇ ಅವಳಿಗೆ ಪಾಠ ಓದಿ ಹೇಳ್ತಾರೆ. ಅಂಥ ಮಕ್ಕಳಿಗೆ ಅಂತ ಬರೆದಿದ್ದು ಇದು."

ಲೋಹಿತನ ಮುಖ ಸಣ್ಣಗಾಯಿತು. ಒಳಗೆ ಹೋಗಿ ರವಿಶಂಕರ್ ಹತ್ತಿರ ಒಂದು ವಾರದ ಸಮಯ ಕೇಳಿದ. "ಬಿಲ್ಡ್ ಕೆಟ್ರೆ ನನ್ನ ತಲೆಗಿರ್ಲಿ ಸರ್."

ಮರುದಿನ ಅವನ ಕುರ್ಚಿ ಅವಳ ಮೇಜಿನ ಪಕ್ಕಕ್ಕೆ ಬಂತು. ಬಿಲ್ಡ್ ಟೂಲ್‌ಗೆ ಪೈಥಾನ್ ಅರ್ಥವಾಗುವಂತೆ ಒಂದು ಪ್ಲಗಿನ್ ಹಾಕಿದ. ಯಾವ ವರ್ಷನ್, ಟೆಸ್ಟ್‌ಗಳು ಎಲ್ಲಿವೆ ಎಂದು ಕೇಳಿ ಕೇಳಿ ಸೇರಿಸಿದ. ಕೇಳುವಾಗ ಸ್ಕ್ರೀನ್ ನೋಡುತ್ತಿದ್ದ. ಅವಳು ಉತ್ತರ ಹೇಳುವಾಗ ಅವಳನ್ನು. ಕಣ್ಣಿಗೆ ಕಣ್ಣು ಸಿಕ್ಕರೆ ಕನ್ನಡಕ ತೆಗೆದು ಒರೆಸುತ್ತಿದ್ದ.

"ಗಾಜು ಸವೆದು ಹೋಗುತ್ತೆ ಮಾರಾಯ್ರೆ" ಎಂದಳು ಒಮ್ಮೆ. ಅವನ ಕಿವಿ ಕೆಂಪಾಯಿತು.

ಗುರುವಾರ ಬಿಲ್ಡ್ ಫೇಲ್ ಆಯಿತು. ಅವಳ ಕಂಪ್ಯೂಟರಿನಲ್ಲಿ ಪಾಸಾಗುತ್ತಿದ್ದ ಟೆಸ್ಟ್‌ಗಳೆಲ್ಲ ಬಿಲ್ಡ್ ಟೂಲ್‌ನಲ್ಲಿ ಕೆಂಪು.

"ನನ್ನ ಹತ್ರ ಸರಿಯಾಗಿ ಓಡುತ್ತೆ! ನಿಮ್ದೇ ಏನೋ ತಪ್ಪು."

"ಇರಬಹುದು" ಎಂದು ಅವನು ಹೊಸದೊಂದು ಖಾಲಿ ಎನ್ವಿರಾನ್‌ಮೆಂಟ್ ಮಾಡಿ, ಅವಳ ಕೋಡಿಗೆ ಬೇಕಾದ ಲೈಬ್ರರಿಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡುಗಳನ್ನು, ಒಂದೊಂದಾಗಿ ಹಾಕುತ್ತ ಹೋದ. ಮಧ್ಯಾಹ್ನದ ಊಟವೂ ಆಗಲಿಲ್ಲ. ಕೊನೆಗೆ ಸಿಕ್ಕಿತು. ಧ್ವನಿಗೆ ಬೇಕಾದ ಒಂದು ಲೈಬ್ರರಿಯನ್ನು ಅವಳು ಯಾವಾಗಲೋ ತನ್ನ ಕಂಪ್ಯೂಟರಿಗೆ ಹಾಕಿಕೊಂಡು ಮರೆತಿದ್ದಳು. ಪ್ರಾಜೆಕ್ಟಿನಲ್ಲಿ ಅದರ ಹೆಸರೇ ಇರಲಿಲ್ಲ.

ಭವಾನಿ ನಾಲಿಗೆ ಕಚ್ಚಿಕೊಂಡಳು. ಬೇರೆ ಯಾರಾದರೂ ಆಗಿದ್ದರೆ ಇಡೀ ಆಫೀಸಿಗೆ ಸಾರುತ್ತಿದ್ದರು. ಲೋಹಿತ್ ಆ ಹೆಸರನ್ನು ಸೇರಿಸಿ, ಕೀಬೋರ್ಡನ್ನು ಮೆಲ್ಲಗೆ ಅವಳ ಕಡೆ ಸರಿಸಿದ. "ಈಗ ನೀವೇ ಓಡಿಸಿ."

ಎಲ್ಲ ಹಸಿರು.

ಸ್ಪೀಕರಿನಿಂದ ಏಳನೇ ತರಗತಿಯ ಪಾಠ ಕೇಳತೊಡಗಿತು. ರವಿಶಂಕರ್ ಎದ್ದು ಬಂದವರು ಪಾಠ ಮುಗಿಯುವವರೆಗೂ ನಿಂತೇ ಇದ್ದರು. "ಶಾಲೆಗಳಿಗೆ ಕಳಿಸಿ" ಎಂದಷ್ಟೇ ಹೇಳಿ ಹೋದರು.

ಸಂಜೆ ಜನ್ನಾಪುರದ ಮನೆಗೆ ಹೊರಟ ಭವಾನಿ ಭದ್ರಾವತಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಳು. ಪಕ್ಕದ ಸೀಟಿಗೆ ಲೋಹಿತ್ ಬಂದು ಕೂತ.

"ನಿಮ್ಮನೆ ಇಲ್ಲೇ ಗೋಪಾಳದಲ್ಲಿ ಅಲ್ವಾ?" ಎಂದಳು.

"ಹೌದು."

"ಈ ಬಸ್ಸು ಅತ್ಲಾಗೆ ಹೋಗಲ್ಲ."

"ಗೊತ್ತು."

ಮಲವಗೊಪ್ಪ ಸ್ಟಾಪ್ ಬರುವವರೆಗೂ ಅವನು ಮುಂದಿನ ಸೀಟಿನ ಕಂಬಿ ಬಿಡಲಿಲ್ಲ. ಆಮೇಲೆ ತಿರುಗಿದ. "ನಾಳೆಯಿಂದ ನಿಮ್ಮ ಪಕ್ಕ ಕೂರೋಕೆ ನಂಗೆ ಕೆಲಸದ ನೆಪ ಇಲ್ಲ. ನೆಪ ಇಲ್ದೇನೂ ಕೂರ್ಬೇಕು ಅನ್ಸುತ್ತೆ. ನೀವಂದ್ರೆ ಇಷ್ಟ ಭವಾನಿ. ತುಂಬಾ ದಿನದಿಂದ."

ಅವಳು ಕಿಟಕಿಯಾಚೆ ನೋಡಿದಳು. ಗಾಜಿನಲ್ಲಿ ತನ್ನದೇ ನಗು ಕಂಡಿತು. ಬಿಗಿ ಹಿಡಿಯಲು ನೋಡಿದಳು, ಆಗಲಿಲ್ಲ.

ಅಷ್ಟರಲ್ಲಿ ಜನರ ನಡುವೆ ನುಸುಳಿಕೊಂಡು ಕಂಡಕ್ಟರ್ ಬಂದ. "ಎಲ್ಲಿಗೆ ಸರ್?"

ಲೋಹಿತ್ ಭವಾನಿಯ ಮುಖ ನೋಡಿದ.

"ಎರಡು ಜನ್ನಾಪುರ ಕೊಡಿ" ಎಂದಳು ಭವಾನಿ. ಆಮೇಲೆ ಅವನ ಕಡೆ ಬಗ್ಗಿ ಪಿಸುಗುಟ್ಟಿದಳು: "ಸ್ವಲ್ಪ ತಲೆ ಬಾಚ್ಕೊಳ್ಳಿ. ಅಪ್ಪ ಮನೇಲಿದ್ದಾರೆ."