ಬೋಳುಬಂಡೆಯ ಮೇಲೆ ಕೆಂಪು ಪಿನ್ನುಗಳು

“ಈ ಕಸ ನಿಮಗೆ ಎಲ್ಲಿ ಸಿಕ್ತು, ಕಪ್ತಾನ?” ಅರೇತಿ ಕೇಳಿದಳು. ಅವಳ ಕೈಯಲ್ಲಿ ಕೆಂಪು ತಲೆಯ ಪಿನ್ನು ಇತ್ತು.

ಮಿರ್ತೊಳ ಅಪ್ಪ ಸ್ತಾಮಾತಿಸ್ ಆಗಷ್ಟೇ ದೋಣಿಯಿಂದ ಚೀಲ ಇಳಿಸಿದ್ದ. ಮೀನಿನ ಜೊತೆ ಬಲೆಗೆ ಬಂದ ಬಾಟಲಿ, ಒಂಟಿ ಚಪ್ಪಲಿ, ಹರಿದ ಬಲೆಯ ತುಂಡು ಎಲ್ಲ ಅದರಲ್ಲಿದ್ದವು.

“ಬೋಳುಬಂಡೆ ಹತ್ರ,” ಅಂದ ಅಪ್ಪ, ಕಣ್ಣು ಕೂಡ ಮಿಟುಕಿಸದೆ.

ಮಿರ್ತೊ ಬಾಯಿ ತೆರೆದಳು. ಅವಳೂ ದೋಣಿಯಲ್ಲಿದ್ದಳಲ್ಲ! ಬಲೆ ಎಳೆದದ್ದು ಕತ್ತೆಮೂಗು ಎಂಬ ಗುಡ್ಡದ ಹಿಂದೆ. ಬೋಳುಬಂಡೆಯ ಕಡೆ ಅವರು ತಲೆ ಹಾಕಿಯೂ ಮಲಗುವುದಿಲ್ಲ. ಅಪ್ಪ ಮೆಲ್ಲಗೆ ಅವಳ ಕಾಲು ತುಳಿದ. ಮಿರ್ತೊ ಬಾಯಿ ಮುಚ್ಚಿದಳು.

ಅರೇತಿ ಖುಷಿಯಿಂದ ಒಳಗೆ ಹೋಗಿ ಗೋಡೆಯ ಮೇಲಿನ ಸಮುದ್ರದ ಮ್ಯಾಪಿನಲ್ಲಿ ಬೋಳುಬಂಡೆಗೆ ಪಿನ್ನು ಚುಚ್ಚಿದಳು.

ಅರೇತಿ ಅಥೆನ್ಸಿನಲ್ಲಿ ಓದಿ ಹೋದ ವರ್ಷ ದ್ವೀಪಕ್ಕೆ ಮರಳಿದವಳು. ಬಂದರಿನ ಹಳೇ ಐಸ್ ಫ್ಯಾಕ್ಟರಿಯಲ್ಲಿ ಒಂದು ವರ್ಕ್‌ಶಾಪ್ ತೆರೆದಿದ್ದಳು. ಮೀನುಗಾರರು ಸಮುದ್ರದ ಕಸ ತಂದುಕೊಡುವುದು, ಊರಿನ ಹೆಂಗಸರು ಹಳೆಯ ಬಲೆ ತೊಳೆದು ಬ್ಯಾಗ್ ಹೊಲಿಯುವುದು. ಬ್ಯಾಗ್ ಮಾರಿ ಬಂದದ್ದರಲ್ಲಿ ಸಂಬಳ ಕೊಟ್ಟು, ಮಿಕ್ಕಿದ್ದು ಮತ್ತೆ ಸಮುದ್ರದ ಕಸ ತೆಗೆಯಲು. ಮಿರ್ತೊಳ ಅಮ್ಮ ವಾಸೊ ಅಲ್ಲೇ ಹೊಲಿಯುತ್ತಿದ್ದಳು. ಅದು ಅಮ್ಮನ ಮೊದಲ ಕೆಲಸ. ಆಮೇಲಿಂದ ಅಮ್ಮ ಅಡುಗೆ ಮಾಡುವಾಗ ಹಾಡುತ್ತಿದ್ದಳು.

ಮನೆಗೆ ಹೋಗುವಾಗ ಮಿರ್ತೊ ಕೇಳಿದಳು, “ಅಪ್ಪಾ, ಸುಳ್ಳು ಯಾಕೆ ಹೇಳ್ದೆ?”

“ಸುಳ್ಳಲ್ಲ ಕಣೇ, ಜೋಪಾನ. ಮೀನು ಸಿಗೋ ಜಾಗ ಯಾರಾದ್ರೂ ಹೇಳ್ತಾರಾ? ನಿಮ್ಮಜ್ಜ ಹಾಸಿಗೆ ಹಿಡಿದ ಮೇಲೇನೇ ನಂಗೆ ಕತ್ತೆಮೂಗಿನ ವಿಷ್ಯ ಹೇಳಿದ್ದು. ಅದೂ ಕಿವೀಲಿ!”

“ಅರೇತಿ ಅಕ್ಕ ಕೇಳೋದು ಪ್ಲಾಸ್ಟಿಕ್ ಹುಡುಕೋಕೆ ಅಲ್ವಾ?”

“ಪ್ಲಾಸ್ಟಿಕ್ ಬೇಕಾದವಳಿಗೆ ಚೀಲ ಸಾಕು. ಜಾಗ ಯಾಕೆ? ಅವಳ ಸೋದರಮಾವ ಯಾರು ಹೇಳು?”

ಮಿರ್ತೊ ನಿಂತುಬಿಟ್ಟಳು. ಅರೇತಿಯ ಸೋದರಮಾವ ಪಾಂದೆಲಿಸ್. ಮೀನು ಹಿಡಿಯುವುದರಲ್ಲಿ ಅಪ್ಪನಿಗೆ ಬೆಳಗಾದರೆ ಪೈಪೋಟಿ ಕೊಡುವ ಪಾಂದೆಲಿಸ್!

“ಸ್ಕೂಲ್ ಮುಗಿಸ್ಕೊಂಡು ದಿನಾ ಅಮ್ಮನ ಹತ್ರ ಹೋಗ್ತೀಯಲ್ಲ, ಸ್ವಲ್ಪ ಕಣ್ಣಿಟ್ಟಿರು,” ಅಂದ ಅಪ್ಪ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅರೇತಿ ಮೊಬೈಲಿನಲ್ಲಿ ಮ್ಯಾಪಿನ ಫೋಟೊ ತೆಗೆದಳು. ಯಾರಿಗೆ ಕಳಿಸಲು? ಫೋನ್ ಬಂದಾಗ ಎದ್ದು ಹೊರಗೆ ಹೋದಳು. ಯಾಕೆ ಹೋಗಬೇಕು? ಮಿರ್ತೊಗೆ ಬಿಸ್ಕತ್ತು ಕೊಟ್ಟಳು. ಓಹೋ, ಲಂಚ! ಮಿರ್ತೊ ಬಿಸ್ಕತ್ತು ತಿಂದಳು, ಆದರೆ ಥ್ಯಾಂಕ್ಸ್ ಹೇಳಲಿಲ್ಲ.

ಗುರುವಾರ ಸಂಜೆ ಪಾಂದೆಲಿಸ್ ಬಂದ. ಮಿರ್ತೊ ಸರಕ್ಕನೆ ಬಲೆಯ ರಾಶಿಯ ಹಿಂದೆ ಕೂತಳು. ಈಗ ಸಿಕ್ಕಿಬೀಳುತ್ತಾರೆ ನೋಡು ಎಂದುಕೊಂಡಳು.

ಪಾಂದೆಲಿಸ್ ಚೀಲ ಇಳಿಸಿದ.

“ಎಲ್ಲಿ ಸಿಕ್ತು, ಮಾವ?” ಅರೇತಿ ಕೇಳಿದಳು.

ಪಾಂದೆಲಿಸ್ ಕಿಟಕಿ ನೋಡಿದ, ಬಾಗಿಲು ನೋಡಿದ, ಮೀಸೆ ಒರೆಸಿಕೊಂಡ. “ಎಲ್ಲಿ ಅಂದ್ರೆ... ಬೋಳುಬಂಡೆ ಹತ್ರ.”

ಮಿರ್ತೊಗೆ ನಗು ಉಕ್ಕಿತು. ಬೋಳುಬಂಡೆಯಲ್ಲಿ ಏಡಿ ಕೂಡ ನಿಲ್ಲುವುದಿಲ್ಲ! ಪಾಂದೆಲಿಸ್ ಸ್ವಂತ ಅಕ್ಕನ ಮಗಳಿಗೇ ಸುಳ್ಳು ಹೇಳುತ್ತಿದ್ದಾನೆ. ಹಾಗಾದರೆ ಅರೇತಿ ಅವನ ಗೂಢಚಾರಿ ಹೇಗಾದಾಳು?

ಅವಳು ಎದ್ದು ಬಂದು ಮ್ಯಾಪ್ ನೋಡಿದಳು. ಎಷ್ಟು ಪಿನ್ನು! ಸುತ್ತಲ ಸಮುದ್ರವೆಲ್ಲ ಖಾಲಿ. ಬೋಳುಬಂಡೆಯ ಮೇಲೆ ಮಾತ್ರ ಇನ್ನೊಂದು ಪಿನ್ನಿಗೂ ಜಾಗವಿಲ್ಲ.

“ನೋಡಿದ್ಯಾ ಮಿರ್ತೊ?” ಅರೇತಿಯ ಮುಖ ಅರಳಿತ್ತು. “ಅಷ್ಟೂ ಕಸ ಅಲ್ಲೇ ಇದೆ. ಎಷ್ಟು ಬಲೆ ಮುಳುಗಿದೆಯೋ! ಶನಿವಾರ ಡೈವರ್‌ಗಳು ಬರ್ತಾರೆ, ನೇರ ಅಲ್ಲಿಗೇ ಇಳಿಸ್ತೀನಿ.”

ಮಿರ್ತೊ ನಗುವುದನ್ನು ಬಿಟ್ಟು ಮತ್ತೆ ಮ್ಯಾಪಿನ ಕಡೆ ತಿರುಗಿದಳು.

ರಾತ್ರಿ ಊಟಕ್ಕೆ ಕೂತಾಗ ಅವಳು ಎಲ್ಲವನ್ನೂ ಹೇಳಿದಳು. ಅಪ್ಪ ಮೇಜು ತಟ್ಟಿ ತಟ್ಟಿ ನಕ್ಕ. “ಪಾಂದೆಲಿಸ್ ಕೂಡ ಬೋಳುಬಂಡೇನಾ! ಅಬ್ಬಾ, ಕಳ್ಳ!”

ಅಮ್ಮ ನಗಲಿಲ್ಲ. ಕಡಲೆಯ ಸಾರಿನ ಪಾತ್ರೆ ಕೆಳಗಿಟ್ಟಳು.

“ಊರಿನ ಹಳೇ ಬಲೆಯೆಲ್ಲ ಹೊಲಿದು ಮುಗೀತು. ಡೈವರ್‌ಗಳು ಬರೋದು ವರ್ಷಕ್ಕೊಂದೇ ಸಲ. ಅವರು ಬರಿಗೈಲಿ ಮೇಲೆ ಬಂದ್ರೆ ಚಳಿಗಾಲಕ್ಕೆ ಹೊಲಿಯೋಕೆ ಏನೂ ಇರಲ್ಲ. ವರ್ಕ್‌ಶಾಪ್ ಮುಚ್ತಾರೆ. ನಗು, ಇನ್ನೂ ನಗು.”

“ನಾನೊಬ್ಬ ಹೇಳಿದ್ರೆ ನಾಳೆ ಎಲ್ಲರೂ ಅಲ್ಲೇ ಬಲೆ ಬಿಡ್ತಾರೆ ವಾಸೊ! ನಮ್ಮಪ್ಪ ಕೊಟ್ಟ ಜಾಗ ಅದು!”

ಅಮ್ಮ ಎದ್ದು ತಟ್ಟೆಗಳನ್ನು ಎತ್ತಿದಳು. ಪಾತ್ರೆ ತೊಳೆಯುವಾಗ ಹಾಡಲಿಲ್ಲ. ಮಿರ್ತೊಗೆ ಬಹಳ ಬೇಜಾರಾಯಿತು. ಯಾರ ಮೇಲೆ ಸಿಟ್ಟು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಡೈವರ್‌ಗಳ ದೋಣಿ ಗುರುಗುಟ್ಟುತ್ತಿತ್ತು. ಮೀನುಗಾರರೆಲ್ಲ ಕಾಫಿ ಅಂಗಡಿಯ ಮುಂದೆ ಕೂತಿದ್ದರು. ಕುಂಬಳಕಾಯಿ ಕಳ್ಳರ ಹಾಗೆ ಒಬ್ಬರೂ ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ.

ಅರೇತಿ ದೋಣಿ ಹತ್ತುವಾಗ ಅಪ್ಪ ಎದ್ದ.

“ಬೋಳುಬಂಡೆಗೆ ಹೋಗ್ಬೇಡ ಅರೇತಿ. ಅಲ್ಲೇನೂ ಇಲ್ಲ. ಕತ್ತೆಮೂಗಿನ ಹಿಂದೆ ಹೋಗು. ತಳದಲ್ಲಿ ದೊಡ್ಡ ಬಲೆ ಬಿದ್ದಿದೆ.” ಅವನ ಎರಡೂ ಕಿವಿ ಕೆಂಪಾಗಿದ್ದವು.

ಎಲ್ಲರೂ ಅವನ ಕಡೆ ತಿರುಗಿದರು. ಆಮೇಲೆ ಪಾಂದೆಲಿಸ್ ಹೋ ಎಂದು ನಕ್ಕ. “ಕೇಳ್ಬೇಡ ಕಣೇ! ಸ್ತಾಮಾತಿಸ್ ಎಲ್ಲಾದ್ರೂ ಜಾಗ ಹೇಳೋದುಂಟಾ? ಅವನು ಕತ್ತೆಮೂಗು ಅಂದ್ರೆ, ಅದೊಂದು ಬಿಟ್ಟು ಬೇರೆಲ್ಲ ಕಡೆ ಹುಡುಕು!”

ಅಂಗಡಿಗೆ ಅಂಗಡಿಯೇ ನಕ್ಕಿತು.

“ಅವತ್ತು ನೀವೇ ಬೋಳುಬಂಡೆ ಅಂದ್ರಲ್ಲ?” ಅರೇತಿ ಅಪ್ಪನನ್ನು ಕೇಳಿದಳು.

“ಅವತ್ತು ಸುಳ್ಳು ಹೇಳಿದೆ.”

“ಹಾಗಾದ್ರೆ ಇವತ್ತು?”

ಅಪ್ಪ ಕಿವಿ ಕೆರೆದುಕೊಂಡ. ಅರೇತಿ ಮಿರ್ತೊಳ ಕಡೆ ತಿರುಗಿದಳು. ನಗಲಿಲ್ಲ, ಬೈಯಲಿಲ್ಲ. ನಂಬಲೋ ಬೇಡವೋ ಎಂದು ಸುಮ್ಮನೆ ನೋಡಿದಳು. ಇಡೀ ವಾರ ಮಿರ್ತೊ ಅವಳನ್ನು ನೋಡಿದ್ದೂ ಹೀಗೇ. ಇಂಥ ನೋಟದ ಮುಂದೆ ನಿಂತರೆ ಹೇಗನಿಸುತ್ತದೆ ಎಂಬುದು ಮಿರ್ತೊಗೆ ಈಗ ಗೊತ್ತಾಯಿತು.

“ನಿಜ ಅಕ್ಕ,” ಅಂದಳು ಮಿರ್ತೊ. “ನಾನೂ ದೋಣೀಲಿದ್ದೆ. ಅವತ್ತೇ ಹೇಳ್ಬೇಕಿತ್ತು.”

ಅರೇತಿ ದೋಣಿ ಹತ್ತಿ ನಿಂತಳು. ಆಮೇಲೆ ದೋಣಿಯವನಿಗೆ ಕೂಗಿ ಹೇಳಿದಳು, “ಕತ್ತೆಮೂಗಿಗೆ ನಡೀರಿ!”

ಮಧ್ಯಾಹ್ನ ದೋಣಿ ಮರಳಿದಾಗ ಬಲೆಯ ಭಾರಕ್ಕೆ ಒಂದು ಕಡೆ ವಾಲಿತ್ತು. ಪಾಚಿ ಹಿಡಿದ ಬಲೆಯನ್ನು ದಡಕ್ಕೆ ಎಳೆದರು. ಎಳೆದಷ್ಟೂ ಬರುತ್ತಿತ್ತು. ಅದರಲ್ಲಿ ಮೀನಿನ ಮುಳ್ಳುಗಳೇ ತುಂಬಿದ್ದವು, ತಳದಲ್ಲೇ ಸಿಕ್ಕಿ ಸತ್ತ, ಅಪ್ಪ ಹಿಡಿಯದ, ಯಾರೂ ತಿನ್ನದ ಮೀನು. ಅಂಗಡಿಯವರ ನಗು ನಿಂತಿತ್ತು. ಅಮ್ಮ ಓಡಿಬಂದು ಎರಡೂ ಕೈಯಿಂದ ಬಲೆ ಎತ್ತಿ ನೋಡಿದಳು.

ಅಪ್ಪ ಮಾತ್ರ ಸ್ವಲ್ಪ ಪಕ್ಕಕ್ಕೆ ನಿಂತಿದ್ದ. ಅಜ್ಜನ ಜಾಗ ಈಗ ಊರಿಗೆಲ್ಲ ಗೊತ್ತು. ಮಿರ್ತೊ ಹೋಗಿ ಅವನ ಪಕ್ಕ ನಿಂತಳು.

ಅಷ್ಟರಲ್ಲಿ ಪಾಂದೆಲಿಸ್ ಆ ಕಡೆ ಈ ಕಡೆ ನೋಡುತ್ತ ಅರೇತಿಯ ಹತ್ತಿರ ಬಂದ. ಟೋಪಿ ತೆಗೆದು, ಬಗ್ಗಿ, ಅವಳ ಕಿವಿಯಲ್ಲಿ ಏನೋ ಪಿಸುಗುಟ್ಟತೊಡಗಿದ. ಅರೇತಿ ಜೇಬಿನಿಂದ ಒಂದು ಪಿನ್ನು ತೆಗೆದಳು.

ಅಪ್ಪ ಮಿರ್ತೊಳನ್ನು ಮೊಣಕೈಯಿಂದ ತಿವಿದ. “ಏನಂದ? ಯಾವ ಜಾಗ ಅಂದ? ಹೋಗಿ ಕೇಳಿಸ್ಕೊಂಡು ಬಾ, ಹೋಗು!”

ಅವರು ನಿಂತದ್ದು ನಾಲ್ಕು ಹೆಜ್ಜೆ ದೂರದಲ್ಲಿ. ಹೋಗಿದ್ದರೆ ಕೇಳಿಸುತ್ತಿತ್ತು.

“ಅದು ಅಕ್ಕನಿಗೆ ಹೇಳಿದ್ದಪ್ಪಾ,” ಅಂದಳು ಮಿರ್ತೊ, ಮತ್ತು ಅಮ್ಮನ ಜೊತೆ ಬಲೆ ಹಿಡಿಯಲು ಹೋದಳು.