ತಣ್ಣಗಿದ್ದಾಗ ಕಡ್ಡಿ ನೋಡಬೇಡ

"ಇಲ್ಲೇ ಇಳಿಸಿ... ಸಾಕು."

ಲಾರಿಯ ಬೆನ್ನಿನಿಂದ ಆ ಹಳೇ ಸ್ಪೋರ್ಟ್ಸ್ ಕಾರು ನಿಧಾನವಾಗಿ ಗ್ಯಾರೇಜಿನ ಅಂಗಳಕ್ಕೆ ಇಳಿಯಿತು. ಒಳಗಿದ್ದ ಮೆಕ್ಯಾನಿಕ್ ತಲೆಯೆತ್ತಿ ಮೊದಲು ಕಾರನ್ನು ನೋಡಿದ. ಆಮೇಲೆ ಅವಳನ್ನು. ಒರೆಸಿಕೊಂಡಿದ್ದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡ.

ಐದು ವರ್ಷವಾಗಿತ್ತು ಇಬ್ಬರೂ ಮುಖ ನೋಡಿ.

"ಈ ಎಂಜಿನ್ ಬಿಚ್ಚೋ ಧೈರ್ಯ ಬೇರೆ ಯಾರಿಗೂ ಇಲ್ವಂತೆ," ಎಂದಳು ಅವಳು. "ಗಾಡಿ ಹಿಂದುಗಡೆ ಇರೋ, ನೀರಿಲ್ಲದೆ ಬರೀ ಗಾಳಿಯಿಂದ ತಣ್ಣಗಾಗೋ ಎಂಜಿನ್ ನಮಗೆ ಬೇಡ ಅಂತಾರೆ. ಅದಕ್ಕೇ ಬಂದೆ. ಬೇರೆ ಏನೂ ಅಂದ್ಕೋಬೇಡಿ."

ಬೇಡಿ... 'ನೀನು' ಎಂದು ಕರೆಯುತ್ತಿದ್ದ ಬಾಯಲ್ಲಿ ಈಗ 'ನೀವು'. ಬೈದಿದ್ದರೂ ಅವನಿಗೆ ಇಷ್ಟು ನೋಯುತ್ತಿರಲಿಲ್ಲ.

"ಏನಾಗಿದೆ?"

"ಸ್ಟಾರ್ಟ್ ಆಗುತ್ತೆ. ಆದ್ರೆ ಕೆಳಗೆಲ್ಲ ಆಯಿಲ್ ಸೋರುತ್ತೆ. ಅಪ್ಪನ ಹಾರ್ಟು ವೀಕಾಗಿದೆ. ಕಣ್ಣು ಮುಚ್ಚೋದ್ರೊಳಗೆ ಒಂದ್ಸಲ ಮಗನ ಗಾಡೀಲಿ ಕೂತು ಬರಬೇಕು ಅಂತಾರೆ." ಅವಳು ಮುಖ ಆಚೆ ತಿರುಗಿಸಿಕೊಂಡಳು. ಆದರೂ ಚುಚ್ಚದೆ ಬಿಡಲಿಲ್ಲ. "ಈ ಸಲನಾದ್ರೂ ಸರಿಯಾಗಿ ಮಾಡಿ."

ಅವನು ಮಾತಾಡಲಿಲ್ಲ. ಮಾತಾಡಿದ್ದರೆ ಅವನು ಮೂಗಬಸವ ಹೇಗಾದಾನು?

ಆ ಹೆಸರಿಟ್ಟವನು ಅವಳ ಅಣ್ಣ. ಗುಜರಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಈ ಕಾರನ್ನು ತಂದವನೂ ಅವನೇ. ಇಬ್ಬರು ಗೆಳೆಯರೂ ಸೇರಿ ಇದೇ ಅಂಗಳದಲ್ಲಿ ಅದಕ್ಕೆ ಜೀವ ಕೊಟ್ಟರು. ಇವಳು ದಿನಾ ಸಂಜೆ ಟೀ ತರುತ್ತಿದ್ದಳು. ತಂದವಳು ಲೋಟ ತೊಳೆದು ಹೋಗಬೇಕಲ್ಲ? ಇಲ್ಲ. ಕತ್ತಲಾಗುವವರೆಗೂ ಮಾತು, ಮಾತು, ಮಾತು.

"ಇವನು ಬಾಯಿ ಬಿಡಲ್ಲ, ಈ ಬಾಯಿಬಡುಕಿ ಬಾಯಿ ಮುಚ್ಚಲ್ಲ," ಎಂದು ಅಣ್ಣ ನಗುತ್ತಿದ್ದ. "ದೇವರು ನೋಡೇ ಗಂಟು ಹಾಕಿದಾನೆ ಬಿಡು."

ಎರಡೂ ಮನೆಯವರು ಒಪ್ಪಿ ಮಾತುಕತೆಯೂ ಆಗಿತ್ತು. ಅಷ್ಟರಲ್ಲಿ ಅದು ನಡೆದುಹೋಯಿತು. ಒಂದು ತಿರುವಿನಲ್ಲಿ ಕಾರು ಜಾರಿತು. ಎಂಜಿನ್ನಿನಿಂದ ಹೊರಬಂದ ಆಯಿಲ್ ಹಿಂದಿನ ಚಕ್ರಕ್ಕೆ ಬಿದ್ದಿತ್ತು ಎಂದರು ಪರೀಕ್ಷೆ ಮಾಡಿದವರು. ಕಾರಿನ ಮೂತಿ ಮಾತ್ರ ಜಜ್ಜಿತ್ತು. ಅಣ್ಣ ಉಳಿಯಲಿಲ್ಲ.

ಅವತ್ತು ಅವಳು ಎಲ್ಲರೆದುರೂ ಇವನ ಅಂಗಿ ಹಿಡಿದು ಕೇಳಿದ್ದಳು. "ನೀನು ಕಟ್ಟಿದ ಎಂಜಿನ್ ಅದು. ನಿನ್ನ ತಪ್ಪಾ ಅಲ್ವಾ? ಒಂದು ಮಾತು ಹೇಳು."

ಅವನು ಅವಳ ಅಪ್ಪನ ಕಡೆ ಒಮ್ಮೆ ನೋಡಿದ್ದ. ಆಮೇಲೆ ನೆಲ ನೋಡುತ್ತ ಹೇಳಿದ್ದ. "ತಪ್ಪಾಯ್ತು."

ಅಷ್ಟೇ. ಆ ಒಂದು ಮಾತಿಗೆ ಮದುವೆಯೂ ಮುರಿಯಿತು, ಮನಸ್ಸೂ ಮುರಿಯಿತು.

*

ಕೆಲಸ ಶುರುವಾಯಿತು. ಎಲ್ಲಿ ಮತ್ತೆ ಮೋಸ ಮಾಡುತ್ತಾನೋ ಎಂದು ಅವಳು ದಿನಾ ಸಂಜೆ ಬಂದು ಕೂರುತ್ತಿದ್ದಳು. ಹಾಗೆಂದು ತನಗೆ ತಾನೇ ಹೇಳಿಕೊಂಡಿದ್ದಳು, ಪಾಪ. ನಾವು ನಂಬೋಣ.

ಅವನು ಎಂಜಿನ್ನಿನ ಜಿಡ್ಡೆಲ್ಲ ತೊಳೆದು ಒಣಗಿಸಿದ. ಆಮೇಲೆ ಮಕ್ಕಳ ಪೌಡರ್ ಡಬ್ಬಿ ತೆಗೆದು ಎಂಜಿನ್ ಹೊಟ್ಟೆಗೆಲ್ಲ ಉದುರಿಸಿದ.

"ಎಂಜಿನ್‌ಗೆ ಸ್ನಾನ ಮಾಡಿಸಿ ಪೌಡರ್ ಬೇರೆ ಹಾಕ್ತೀರಾ? ಕಾಡಿಗೆ ಇಡಲ್ವಾ?" ಬಾಯಿ ತಪ್ಪಿ ಬಂದ ಹಳೇ ತಮಾಷೆ. ನಾಲಿಗೆ ಕಚ್ಚಿಕೊಂಡಳು.

ಅವನ ತುಟಿಯಂಚಿನಲ್ಲಿ ನಗು ಬಂದು ಹೋಯಿತು. "ಆಯಿಲ್ ಸೋರೋದು ಒಂದು ಕಡೆ, ತೊಟ್ಟಿಕ್ಕೋದು ಇನ್ನೊಂದು ಕಡೆ. ಫ್ಯಾನ್ ಗಾಳಿ ಅದನ್ನ ಎಲ್ಲೆಲ್ಲಿಗೋ ಒಯ್ಯುತ್ತೆ. ಬಿದ್ದ ಜಾಗ ನೋಡಿ ಬೈದ್ರೆ ಪ್ರಯೋಜನ ಇಲ್ಲ. ಪೌಡರ್ ಮೇಲೆ ಗೆರೆ ಎಲ್ಲಿ ಶುರುವಾಗುತ್ತೆ ನೋಡಬೇಕು."

ಎಂಜಿನ್ ಓಡಿಸಿ ನಿಲ್ಲಿಸಿದಾಗ ಬಿಳಿ ಪೌಡರಿನ ಮೇಲೆ ಕಪ್ಪು ಗೆರೆಗಳು ಮೂಡಿದ್ದವು. ಆಯಿಲ್ ವಾಪಸು ಇಳಿಯುವ ಕೊಳವೆಗಳ ರಬ್ಬರ್ ರಿಂಗುಗಳು ನಿಂತು ನಿಂತೇ ಒಣಗಿ ಗಟ್ಟಿಯಾಗಿದ್ದವು. ಅವನು ಒಂದೊಂದನ್ನೇ ಬಿಡಿಸಿ ಹೊಸದು ಕೂರಿಸಿದ. ಅಣ್ಣನ ಗಾಡಿ ಎಂದೋ ಏನೋ, ಮಲಗಿದ ಮಗುವಿನ ಬಟ್ಟೆ ಬದಲಿಸುವಷ್ಟು ಮೆಲ್ಲಗೆ ಮಾಡಿದ. ಅದನ್ನು ನೋಡುತ್ತ ಅವಳಿಗೆ ಗೊಂದಲವಾಯಿತು.

ಇಷ್ಟು ಜೋಪಾನವಾಗಿ ಕೆಲಸ ಮಾಡೋ ಕೈ ಅವತ್ತು ಹೇಗೆ ತಪ್ಪಿತು?

ಕೊನೆಯ ದಿನ ಅವನು ಆಯಿಲ್ ಅಳೆಯುವ ಕಡ್ಡಿಯನ್ನು ಅವಳ ಕೈಗೆ ಕೊಟ್ಟ. "ಇದನ್ನ ಕಲಿತ್ಕೋ. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ಓಡ್ತಾನೇ ಇರಬೇಕು, ಗಾಡಿ ಸಮ ನೆಲದ ಮೇಲಿರಬೇಕು. ಆಗ ಮಾತ್ರ ಕಡ್ಡಿ ನಿಜ ಹೇಳುತ್ತೆ."

"ತಣ್ಣಗಿದ್ದಾಗ ನೋಡಿದ್ರೆ?"

"ಇದರಲ್ಲಿ ಆಯಿಲ್‌ಗೆ ಬೇರೆ ಟ್ಯಾಂಕೇ ಇದೆ, ಕಡ್ಡಿ ಇರೋದು ಅದರೊಳಗೆ. ನಿಂತ ಗಾಡೀಲಿ ಆ ಟ್ಯಾಂಕಿನ ಆಯಿಲ್ ಎಂಜಿನ್ ತಳಕ್ಕೆ ಇಳಿದುಬಿಡುತ್ತೆ. ಕಡ್ಡಿ ಒಣಗಿರುತ್ತೆ. ಅದನ್ನ ನಂಬಿ ಮೇಲೆ ಮೇಲೆ ಸುರಿದ್ರೆ ಹೊಟ್ಟೆ ಬಿರಿದು ಹೊರಗೆ ಕಾರ್ಕೊಳ್ಳುತ್ತೆ. ಚಕ್ರದ ಮೇಲೆಲ್ಲ."

"ಅಣ್ಣನಿಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ..."

ಅವನು ಸ್ಪ್ಯಾನರ್ ಹುಡುಕುವವನಂತೆ ಆಚೆ ತಿರುಗಿದ. ಸ್ಪ್ಯಾನರ್ ಅವನ ಜೇಬಿನಲ್ಲೇ ಇತ್ತು. "ಆಯಿಲ್ ಮಾತ್ರ ನೀನೇ ನೋಡು. ಬೇರೆ ಯಾರ ಕೈಗೂ ಕೊಡಬೇಡ. ಗಾಡಿ ಮನೆಗೆ ತಗೊಂಡು ಹೋಗು, ನಾಳೆ ಬೆಳಿಗ್ಗೆ ಅಲ್ಲಿಗೇ ಬಂದು ಕೆಳಗೆ ತೊಟ್ಟಿಕ್ಕಿದೆಯಾ ನೋಡ್ತೀನಿ."

*

ಬೆಳಿಗ್ಗೆ ಮನೆಯ ಅಂಗಳದಲ್ಲಿ ಸದ್ದಾಗಿ ಅವಳು ಹೊರಗೆ ಬಂದಳು. ಕಾರಿನ ಹಿಂದಿನ ಮುಚ್ಚಳ ತೆರೆದಿತ್ತು. ಅಪ್ಪ ಒಂದು ಕೈಯಲ್ಲಿ ಗೋಡೆ ಹಿಡಿದು ನಿಂತಿದ್ದರು. ಇನ್ನೊಂದು ಕೈಯಲ್ಲಿ ಆ ಕಡ್ಡಿ. ಕಾಲ ಬಳಿ ಆಯಿಲ್ ಡಬ್ಬಿ.

"ನೋಡು ಪುಟ್ಟಿ, ಪೂರಾ ಒಣಗಿದೆ," ಎಂದರು ಅಪ್ಪ. "ಇಷ್ಟು ವರ್ಷ ಬಸ್ ಓಡಿಸಿದೋನು ನಾನು. ಸ್ಟಾರ್ಟ್ ಮಾಡೋಕೆ ಮುಂಚೆ ಆಯಿಲ್ ನೋಡು, ಆಮೇಲೆ ಮುಖ ತೊಳಿ. ನಿನ್ನ ಅಣ್ಣನಿಗೆ ಆ ಶಿಸ್ತೇ ಇರಲಿಲ್ಲ. ದಿನಾ ಬೆಳಿಗ್ಗೆ ಅವನು ಏಳೋದ್ರೊಳಗೆ ನಾನೇ ನೋಡಿ ತುಂಬಿಸಿಡ್ತಿದ್ದೆ. ಅವನಿಗೆ ಗೊತ್ತೂ ಇರಲಿಲ್ಲ." ಅವರು ಕಡ್ಡಿಯನ್ನು ಮತ್ತೆ ಕಣ್ಣಿನ ಹತ್ತಿರ ಹಿಡಿದರು. "ಅಷ್ಟು ನೋಡ್ಕೊಂಡ್ರೂ ಉಳಿಸ್ಕೊಳೋಕೆ ಆಗಲಿಲ್ಲ ನೋಡು."

ಅವಳು ಕಡ್ಡಿಯನ್ನು ನೋಡಿದಳು, ಡಬ್ಬಿಯನ್ನು ನೋಡಿದಳು.

ದಿನಾ ಬೆಳಿಗ್ಗೆ... ತಣ್ಣಗಿದ್ದಾಗ... ಅಯ್ಯೋ, ಅಪ್ಪಾ!

ಅವತ್ತು ಅವನು ಅಪ್ಪನ ಕಡೆ ಯಾಕೆ ನೋಡಿದ ಎಂದು ಈಗ ತಿಳಿಯಿತು. ಒಂದು ಮಾತು ಆಡಿದ್ದರೆ ಅವನು ಬಚಾವಾಗುತ್ತಿದ್ದ. ಆದರೆ ಮಗನನ್ನು ಕೊಂದದ್ದು ತನ್ನ ಪ್ರೀತಿಯೇ ಎಂದು ತಿಳಿದ ಅಪ್ಪ ಮರುದಿನದ ಬೆಳಗು ನೋಡುತ್ತಿದ್ದರೇ?

ಅಪ್ಪ ಡಬ್ಬಿಗೆ ಬಗ್ಗಿದರು.

ಅವಳು ಓಡಿಹೋಗಿ ಡಬ್ಬಿ ಎತ್ತಿಕೊಂಡಳು. "ನೀವು ಬಗ್ಗಬೇಡಿ ಅಪ್ಪ, ಡಾಕ್ಟ್ರು ನನ್ನ ಬೈತಾರೆ. ನಾನು ಹಾಕ್ತೀನಿ. ನೀವು ಗಾಡೀಲಿ ಕೂತ್ಕೊಳ್ಳಿ."

ಅಪ್ಪನಿಗೆ ಬೆನ್ನು ಮಾಡಿ, ಡಬ್ಬಿಯ ಮುಚ್ಚಳ ತೆಗೆಯದೆಯೇ ಬಗ್ಗಿಸಿ ಹಿಡಿದಳು. ಅವಳ ಕಣ್ಣೀರು ಡಬ್ಬಿಯ ಮೇಲೆ ಬೀಳುತ್ತಿತ್ತು.

ತಲೆಯೆತ್ತಿದರೆ ಗೇಟಿನ ಬಳಿ ಅವನು. ಡಬ್ಬಿ ನೋಡಿದ, ಅವಳ ಮುಖ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ಬೇಡ ಎನ್ನುವಂತೆ ತಲೆಯಾಡಿಸಿದ.

"ಬಾ ಮಗಾ," ಅಪ್ಪ ಕಾರಿನ ಸೀಟಿನಿಂದಲೇ ಕರೆದರು. ಅವನು ಬಳಿ ಹೋದಾಗ ಅವನ ಕೈ ಹಿಡಿದುಕೊಂಡರು. "ಇಷ್ಟು ದಿನ ನಿನ್ನ ಮೇಲೆ ಹಗೆ ಇಟ್ಕೊಂಡಿದ್ದೆ. ಇನ್ನು ಹೊತ್ಕೊಂಡು ಹೋಗೋಕೆ ಶಕ್ತಿ ಇಲ್ಲ. ಕೆಲಸ ಮಾಡೋ ಕೈ ಒಂದ್ಸಲ ತಪ್ಪುತ್ತೆ. ನಿನ್ನ ಕ್ಷಮಿಸಿದೀನಿ."

ಅವಳು ತುಟಿ ಕಚ್ಚಿ ಹಿಡಿದಳು. ಹೇಳಿಬಿಡಲೇ? ಕ್ಷಮೆ ಕೇಳಬೇಕಾದವರು ನಾವು ಎಂದು ಕೂಗಿಬಿಡಲೇ?

ಅವನು ತಲೆ ಬಗ್ಗಿಸಿ ಅಪ್ಪನ ಕೈಯನ್ನು ಕಣ್ಣಿಗೊತ್ತಿಕೊಂಡ. "ದೊಡ್ಡ ಮನಸ್ಸು ಮಾಡಿದ್ರಿ ಅಪ್ಪಾಜಿ."

ಮಾಡದ ತಪ್ಪಿಗೆ ಅಷ್ಟು ವಿನಯವಾಗಿ ಕ್ಷಮೆ ಪಡೆದವರನ್ನು ನೀವು ಎಲ್ಲಾದರೂ ನೋಡಿದ್ದರೆ ಹೇಳಿ.

ಅವನು ಎಂಜಿನ್ ಸ್ಟಾರ್ಟ್ ಮಾಡಿ ಹಿಂದಕ್ಕೆ ಬಂದ. ಗುಡುಗುಡು ಸದ್ದಿನಲ್ಲಿ ಇವರ ಮಾತು ಅಪ್ಪನಿಗೆ ಕೇಳುವಂತಿರಲಿಲ್ಲ.

"ಅವತ್ತೇ ಗೊತ್ತಿತ್ತಾ ನಿಂಗೆ?"

ನಿಂಗೆ... ಅವನು ಕಣ್ಣು ಮುಚ್ಚಿ ತೆರೆದ. "ನಿನ್ನ ಅಣ್ಣನ ಹೆಣದ ಪಕ್ಕ ಕೂತು ಅಳ್ತಾ ಇದನ್ನೇ ಹೇಳಿದ್ರು ಅಪ್ಪಾಜಿ. ದಿನಾ ತುಂಬಿಸ್ತಿದ್ದೆ ಅಂತ."

"ನನಗಾದ್ರೂ ಹೇಳಬಾರದಿತ್ತಾ?"

"ನಿನ್ನ ಬಾಯಲ್ಲಿ ನಿಲ್ತಿತ್ತಾ?"

ಅವಳು ಯೋಚಿಸಿದಳು. ಅವತ್ತಿನ ಆ ಸಿಟ್ಟು, ಆ ಸಂಕಟ... "ಇಲ್ಲ," ಎಂದಳು. "ನಿಲ್ತಿರಲಿಲ್ಲ."

ಎಂಜಿನ್ ಬಿಸಿಯೇರಿತ್ತು. ಅವಳು ಕಡ್ಡಿ ಒರೆಸಿ ಹಾಕಿ ಮತ್ತೆ ಎಳೆದಳು. ಆಯಿಲ್ ಎರಡು ಗುರುತುಗಳ ನಡುವೆ ಸರಿಯಾಗಿ ನಿಂತಿತ್ತು. ಕೆಳಗೆ ಹಾಸಿದ್ದ ರಟ್ಟಿನ ಮೇಲೆ ಒಂದು ತೊಟ್ಟೂ ಬಿದ್ದಿರಲಿಲ್ಲ.

"ಇನ್ನು ಇದನ್ನ ನಾವಿಬ್ರೂ ಹೊರೋಣ," ಎಂದಳು.

"ಅವರಿರೋವರೆಗೂ ಸುಮ್ನಿರಬೇಕು. ಬಾಯಿಬಡುಕಿ, ನಿನ್ನ ಕೈಲಾಗುತ್ತಾ?"

"ಕಲಿಸ್ಕೊಡು... ಪಕ್ಕದಲ್ಲೇ ಇದ್ದು."

ಅವನ ಮಸಿ ಹಿಡಿದ ಬೆರಳು ಅವಳ ಬೆರಳು ಹಿಡಿಯಿತು. ಎಷ್ಟೋ ವರ್ಷದ ಮೇಲೆ ಇಬ್ಬರೂ ಒಟ್ಟಿಗೆ ಅತ್ತರು, ಸದ್ದಿಲ್ಲದೆ.

"ಏನ್ರೋ ಅದು ಪಿಸುಪಿಸು?" ಮುಂದಿನ ಸೀಟಿನಿಂದ ಅಪ್ಪ ಕೂಗಿದರು. "ಆಯಿಲ್ ನೋಡಿದ್ರಾ?"

ಅವಳು ಕೆನ್ನೆ ಒರೆಸಿಕೊಂಡು ಅವನ ಮುಖ ನೋಡಿದಳು.

"ನೋಡಿದ್ವಿ ಅಪ್ಪ," ಎಂದಳು. "ನೀವು ಹೇಳಿದ ಹಾಗೇ ತುಂಬಿಸಿದೀವಿ."