ವಿಟಮಿನ್ ಡಿ ಕದ್ದವರು ಯಾರು?

ವಾರದ ಗುಳಿಗೆ ನುಂಗಲೆಂದು ಸೊಸೆ ಡಬ್ಬಿ ತೆರೆದಳು. ವಿಟಮಿನ್ ಡಿಯ ಹೊಸ ಸ್ಟ್ರಿಪ್ ಇತ್ತು. ಒಳಗೆ ಒಂದೂ ಗುಳಿಗೆ ಇರಲಿಲ್ಲ!

ಮೈಯೆಲ್ಲ ಉರಿದುಹೋಯಿತು. ಕಿಟಕಿಯೇ ಇಲ್ಲದ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ದುಡಿದು ದುಡಿದು ಬಿಸಿಲನ್ನೇ ಮರೆತಿದ್ದವಳು ಅವಳು. ಸುಮ್ಮಸುಮ್ಮನೆ ಅಳು, ಯಾವುದರಲ್ಲೂ ಮನಸ್ಸಿಲ್ಲ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ವಿಟಮಿನ್ ಡಿ ತೀರಾ ಕಡಿಮೆ. ಖಿನ್ನತೆಯ ಜೊತೆ ಎಷ್ಟೋ ಸಲ ಇದೂ ಕಾಣುತ್ತೆ. ಆದ್ರೆ ಬರೀ ಗುಳಿಗೆಯಿಂದ ಎಲ್ಲ ಸರಿಹೋಗಲ್ಲ, ಆಪ್ತಸಲಹೆಗೂ ಬನ್ನಿ" ಎಂದಿದ್ದರು. ಗಂಡ ಮಾತ್ರ ಎಲ್ಲ ನಾಟಕ ಅಂದಿದ್ದ.

ಕದ್ದವನು ಅವನೇ—ಇನ್ಯಾರು? ಬ್ಯಾಗಿಗೆ ಬಟ್ಟೆ ತುರುಕಿ ಚಿಕ್ಕಮ್ಮನಿಗೆ ಫೋನ್ ಮಾಡಿದಳು. ಚಿಕ್ಕಮ್ಮ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್. ಬಂದವರೇ ಗಂಡನನ್ನೂ ಮಾವನನ್ನೂ ಕೂರಿಸಿದರು.

"ಗುಳಿಗೆ ಎಲ್ಲಿ ಹೋದ್ವು, ಅಳಿಯಂದಿರೇ?"

"ನಂಗೇನು ಗೊತ್ತು?" ಗಂಡ ಸಿಡುಕಿದ. "ಅವಳೇ ನುಂಗಿ ಮರೆತಿರ್ತಾಳೆ."

"ಕೇಳಿದ್ರಾ ಚಿಕ್ಕಮ್ಮ? ಇವರದೇ ಕೆಲಸ!"

"ತಡಿಯೇ... ಬೀಗರೇ, ನೀವು?"

ಮಾವ ಟೈಲರ್. ಹಿಂದಿನ ಕೋಣೆಯೇ ಅಂಗಡಿ. ಅಳತೆ ಕೊಡಲು ಬಂದವರು ಹೊಟ್ಟೆ ಹಿಡಿದುಕೊಂಡು ನಗುತ್ತ ಹೋಗಬೇಕು, ಅಂಥ ಬಾಯಿ.

"ಬಿಸಿಲು ಪುಕ್ಕಟೆ ಸಿಗುವಾಗ ಗುಳಿಗೆ ಕದಿಯೋನು ಎಂಥ ಪೆದ್ದ!" ಎಂದು ನಕ್ಕರು. ಆಮೇಲೆ ಮೆಲ್ಲಗೆ, "ಅಲ್ಲಾ, ಅದನ್ನ ನುಂಗಿದ್ರೆ ಮನಸ್ಸು ಯಾವಾಗ ಹಗುರ ಆಗುತ್ತಂತೆ?"

ಚಿಕ್ಕಮ್ಮ ಸ್ಟ್ರಿಪ್ ತಿರುವಿ ನೋಡಿದರು. ಹಿಂದಿನ ಕೋಣೆಗೆ ಹೋಗಿ ಬಂದರು. ಸೊಸೆಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಯಾರು—ಹೇಳಿ! ಇವರೇ ಆದ್ರೆ ಈಗಲೇ ಹೊರಟೆ."

"ನಿನ್ನ ಗಂಡ ಬಿಸ್ಕತ್ ಪ್ಯಾಕೆಟ್ಟನ್ನೂ ಹಲ್ಲಲ್ಲೇ ಹರಿಯೋನು. ಇಲ್ಲಿ ನೋಡು, ಗುಳಿಗೇನ ಒತ್ತಿ ತೆಗೆದಿಲ್ಲ. ಹಿಂಬದಿಯ ಹಾಳೆನ ಅಂಚಿನಗುಂಟ ಬ್ಲೇಡಲ್ಲಿ ಬಿಡಿಸಿದ್ದಾರೆ. ಎಲ್ಲೂ ಹರಿದಿಲ್ಲ. ಹೊಲಿಗೆ ಬಿಚ್ಚಿ ಪಳಗಿದ ಕೈ ಇದು." ಚಿಕ್ಕಮ್ಮ ಮಾವನತ್ತ ತಿರುಗಿದರು. "ಇವರಿಬ್ಬರಿಗೂ ಕದ್ದವರು ಯಾರು ಅನ್ನೋದೇ ಜಗಳ. ಮನಸ್ಸು ಯಾವಾಗ ಹಗುರ ಆಗುತ್ತೆ ಅಂತ ಕೇಳಿದ್ದು ನೀವೊಬ್ಬರೇ. ಜನ ಕೊಟ್ಟ ಬಟ್ಟೆಯೆಲ್ಲ ಹಾಗೇ ಬಿದ್ದಿದೆ, ಮೆಷಿನ್ ಮೇಲೆ ಧೂಳು. ಯಾವಾಗಿನಿಂದ, ಬೀಗರೇ?"

ಮಾವನ ನಗು ಇಳಿದುಹೋಯಿತು.

"ತುಂಬಾ ದಿನ ಆಯ್ತು. ಬೆಳಗ್ಗೆ ಏಳೋಕೇ ಮನಸ್ಸಾಗಲ್ಲ. ಎಲ್ಲರನ್ನೂ ನಗಿಸೋನು ಡಾಕ್ಟರ ಹತ್ರ ಏನಂತ ಹೇಳ್ಲಿ? ಸದ್ದಿಲ್ಲದೆ ಗುಳಿಗೆಯಲ್ಲೇ ಗುಣ ಆಗ್ಲಿ ಅಂದ್ಕೊಂಡೆ. ಇವನು ಅವಳಿಗೇ ನಾಟಕ ಅಂದ... ನನಗೆ ಏನನ್ನುತ್ತಿದ್ದ?"

ಗಂಡ ತಲೆ ಎತ್ತಲಿಲ್ಲ. ಸೊಸೆಗೆ ಸಿಟ್ಟೆಲ್ಲ ಕರಗಿ, ಒಂದೇ ಮನೆಯಲ್ಲಿದ್ದೂ ತನಗೆ ತಿಳಿಯಲಿಲ್ಲವಲ್ಲ ಎಂದು ಸಂಕಟವಾಯಿತು. ಬ್ಯಾಗನ್ನು ಕಾಲಿನಿಂದ ಮಂಚದಡಿ ತಳ್ಳಿದಳು.

"ನಾಳೆ ನನ್ನ ಜೊತೆ ಡಾಕ್ಟರ ಹತ್ರ ಬನ್ನಿ, ಮಾವ. ಬಿಸಿಲಲ್ಲಿ ನಡ್ಕೊಂಡೇ ಹೋಗೋಣ."

ಎಂದಿನಂತೆ ಏನಾದರೂ ತಮಾಷೆ ಮಾಡಲೆಂದು ಮಾವ ಬಾಯಿ ತೆರೆದರು. ಬಂದದ್ದು ಅಳು.